ಹಿತ್ತಲ ಬಾಗಿಲಿನಿಂದ ಕಂಡ ಇಂಗ್ಲೆಂಡ್

ಇತಿಹಾಸಕ್ಕೆ ಎರಡು ಬಾಗಿಲು. ತಲಬಾಗಿಲಿನಿಂದ ಒಳಗೆ ಹೋದರೆ ಸಿಂಹಾಸನ, ಪಟ್ಟಾಭಿಷೇಕ, ಒಪ್ಪಂದ, ದಂಡಯಾತ್ರೆಗಳು ಕಾಣುತ್ತವೆ. ಹಿತ್ತಲ ಬಾಗಿಲಿನಿಂದ ಹೋದರೆ ಪಟ್ಟಾಭಿಷೇಕದ ಊಟಕ್ಕೆ ಪಾತ್ರೆ ತಿಕ್ಕಿದವರು, ದಂಡಯಾತ್ರೆಗೆ ಬುತ್ತಿ ಕಟ್ಟಿದವರು, ಒಪ್ಪಂದಕ್ಕೆ ಸಹಿ ಹಾಕಿದ ಮಹಾಶಯರ ಬೂಟಿಗೆ ಪಾಲಿಷ್ ಹಚ್ಚಿದವರು ಸಿಗುತ್ತಾರೆ. ಒಂದು ಜಿಲ್ಲಾ ಕೇಂದ್ರದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ನಾನು ಇಂಗ್ಲೆಂಡಿನ ಇತಿಹಾಸ ಪಾಠ ಮಾಡಿದೆ. ಟ್ಯೂಡರ್, ಸ್ಟುವರ್ಟ್, ಹ್ಯಾನೋವರ್ ಎಂದು ವಂಶಾವಳಿ ಬರೆಸಿದೆ. ಪಠ್ಯಕ್ರಮದಲ್ಲಿ ಇದ್ದದ್ದು ತಲಬಾಗಿಲಿನ ಕಥೆ. ಅದೇ ಇಂಗ್ಲೆಂಡಿಗೆ ಒಂದು ಹಿತ್ತಲೂ ಇದೆ ಎಂದು ನಗಿಸುತ್ತಲೇ ತೋರಿಸಿಕೊಟ್ಟದ್ದು ಒಂದು ದೂರದರ್ಶನ ಧಾರಾವಾಹಿ. ಅದರ ಹೆಸರು 'ಬ್ಲ್ಯಾಕ್‌ಆಡರ್'. ಆಡರ್ ಎಂದರೆ ಆ ದೇಶದ ಒಂದು ಜಾತಿಯ ವಿಷದ ಹಾವು. ನಾವು ಬೇಕಾದರೆ ಕರಿಹಾವು ಎನ್ನಬಹುದು.

ಬಿ.ಬಿ.ಸಿ. ಇದನ್ನು 1983ರಿಂದ 1989ರವರೆಗೆ ನಾಲ್ಕು ಸರಣಿಗಳಲ್ಲಿ ಪ್ರಸಾರ ಮಾಡಿತು. ಸರಣಿಗೆ ಆರು ಕಂತು, ಕಂತಿಗೆ ಅರ್ಧ ಗಂಟೆ. ಒಟ್ಟು 24 ಕಂತು. ನಮ್ಮ ಮೆಗಾ ಧಾರಾವಾಹಿಗಳಲ್ಲಿ ಇಷ್ಟು ಹೊತ್ತಿಗೆ ನಾಯಕಿಯ ನಿಶ್ಚಿತಾರ್ಥವೂ ಮುಗಿದಿರುವುದಿಲ್ಲ. ನಾಯಕ ರೋವನ್ ಅಟ್ಕಿನ್ಸನ್. ನಮ್ಮ ಮನೆಗಳ ಮಕ್ಕಳಿಗೆ ಇವರು ಗೊತ್ತಿರುವುದು ಮಿಸ್ಟರ್ ಬೀನ್ ಎಂದು. ಬೀನ್ ಬಂದದ್ದು 1990ರಲ್ಲಿ, ಅಂದರೆ ಇದಾದ ಮೇಲೆ. ಅಲ್ಲಿ ಬಾಯೇ ಬಿಡದ ಮನುಷ್ಯ ಇಲ್ಲಿ ಬಾಯಿಂದಲೇ ಬದುಕುತ್ತಾನೆ. ಎಡ್ಮಂಡ್ ಬ್ಲ್ಯಾಕ್‌ಆಡರ್ ಎಂಬ ಈ ಪಾತ್ರದ ಪಕ್ಕದಲ್ಲಿ ಸದಾ ಬಾಲ್ಡ್ರಿಕ್ ಎಂಬ ಆಳು. ಟರ್ನಿಪ್ ಗೆಡ್ಡೆಯ ಮೇಲೆ ಅವನಿಗೆ ಪ್ರಾಣ, ಸ್ನಾನದ ಮೇಲೆ ಹಗೆ. ಎಂಥ ಸಂಕಟ ಬಂದರೂ ತನ್ನ ಬಳಿ ಒಂದು ಭಾರೀ ಉಪಾಯವಿದೆ ಎನ್ನುತ್ತಾನೆ. ಆ ಪಾತ್ರ ಮಾಡಿದವರು ಟೋನಿ ರಾಬಿನ್ಸನ್.

ಇದು ಜನ್ಮಾಂತರದ ಕಥೆ ಎಂದರೆ ನಮಗೆ ಬೇಗ ಅರ್ಥವಾಗುತ್ತದೆ. ಪ್ರತಿ ಸರಣಿಯಲ್ಲೂ ಅದೇ ಮುಖಗಳು ಬೇರೊಂದು ಶತಮಾನದಲ್ಲಿ ಹುಟ್ಟಿ ಬರುತ್ತವೆ. ಆದರೆ ಎಡ್ಮಂಡ್ ಪ್ರತಿ ಜನ್ಮಕ್ಕೂ ಒಂದು ಮೆಟ್ಟಿಲು ಕೆಳಗಿಳಿಯುತ್ತಾನೆ. ಮೊದಲ ಜನ್ಮದಲ್ಲಿ ರಾಜಕುಮಾರ, ಎರಡನೆಯದರಲ್ಲಿ ರಾಣಿಯ ಆಸ್ಥಾನಿಕ, ಮೂರನೆಯದರಲ್ಲಿ ಯುವರಾಜನ ಮನೆಯ ಬಟ್ಲರ್, ನಾಲ್ಕನೆಯದರಲ್ಲಿ ಮಹಾಯುದ್ಧದ ಕಂದಕದಲ್ಲಿ ಸಿಕ್ಕಿಬಿದ್ದ ಕ್ಯಾಪ್ಟನ್. ವಿಚಿತ್ರವೆಂದರೆ, ರಾಜಕುಮಾರನಾಗಿದ್ದಾಗ ಅವನು ಶುದ್ಧ ಪೆದ್ದ, ಜಾಣತನವೆಲ್ಲ ಆಳು ಬಾಲ್ಡ್ರಿಕ್‌ನದು. ಆಸ್ಥಾನಿಕನಾದಾಗ ಬುದ್ಧಿ ಚುರುಕಾಗುತ್ತದೆ. ಬಟ್ಲರ್ ಆಗುವ ಹೊತ್ತಿಗೆ ಆ ಮನೆಯಲ್ಲಿ ತಲೆ ಇರುವವನು ಅವನೊಬ್ಬನೇ.

ಇದನ್ನು ಬರೆದವರು ಬೇಕೆಂದೇ ಹೀಗೆ ಮಾಡಿದರೋ, ತಾನಾಗಿ ಆಯಿತೋ, ಇದರಲ್ಲಿ ಇರುವುದು ಮಾತ್ರ ನಿಜ. ಮೇಲೆ ಕೂತವರಿಗೆ ಕೆಳಗಿನವರನ್ನು ತಿಳಿದುಕೊಳ್ಳುವ ಅಗತ್ಯವಿಲ್ಲ. ಕೆಳಗಿರುವವರಿಗೆ ಮೇಲಿನವರನ್ನು ತಿಳಿಯದೆ ಒಂದು ದಿನವೂ ಕಳೆಯುವುದಿಲ್ಲ. ಅಡುಗೆಯವಳಿಗೆ ಯಜಮಾನರ ನಾಲಿಗೆಯ ರುಚಿ ಗೊತ್ತು, ಯಾವ ಹೊತ್ತಿನಲ್ಲಿ ಅವರ ಎದುರು ಸುಳಿಯಬಾರದೆಂದೂ ಗೊತ್ತು. ಯಜಮಾನರಿಗೆ ಅವಳ ಮಕ್ಕಳ ಹೆಸರೂ ಗೊತ್ತಿರುವುದಿಲ್ಲ. ಹೊಸದಾಗಿ ಬಂದ ಸೊಸೆ ಮೂರೇ ತಿಂಗಳಲ್ಲಿ ಯಾರ ಹೆಜ್ಜೆ ಸಪ್ಪಳ ಯಾವುದೆಂದು ಕಲಿತುಬಿಡುತ್ತಾಳಲ್ಲ, ಆ ವಿದ್ಯೆ ಇದು. ಹಾಗಾಗಿ ಎಡ್ಮಂಡ್ ನನಗೆ ಪರಕೀಯನೆನಿಸಲಿಲ್ಲ.

ಮೊದಲ ಸರಣಿ ನಡೆಯುವುದು 1485ರಲ್ಲಿ. ಆ ವರ್ಷದ ಆಗಸ್ಟ್ 22ರಂದು ಬಾಸ್ವರ್ತ್ ಯುದ್ಧದಲ್ಲಿ ಮೂರನೆಯ ರಿಚರ್ಡ್ ಸತ್ತು ಏಳನೆಯ ಹೆನ್ರಿ ಪಟ್ಟಕ್ಕೆ ಬಂದ, ಟ್ಯೂಡರ್ ವಂಶ ಶುರುವಾಯಿತು. ನಾವು ಹತ್ತು ಅಂಕಕ್ಕೆ ಬರೆಸುತ್ತಿದ್ದ ಪ್ರಶ್ನೆ ಇದು. ಧಾರಾವಾಹಿ ಹೇಳುವುದೇ ಬೇರೆ. ಅಂದು ಗೆದ್ದವನು ರಿಚರ್ಡನೇ. ಮಬ್ಬು ಎಡ್ಮಂಡ್ ಕೈತಪ್ಪಿ ಅವನನ್ನು ಕೊಂದುಬಿಟ್ಟ. ಆಮೇಲೆ ಹದಿಮೂರು ವರ್ಷ ನಾಲ್ಕನೆಯ ರಿಚರ್ಡ್ ಎಂಬೊಬ್ಬ ಆಳಿದ. ಹೆನ್ರಿ ಬಂದ ಮೇಲೆ ಆ ಹದಿಮೂರು ವರ್ಷಗಳನ್ನೇ ಚರಿತ್ರೆಯಿಂದ ಅಳಿಸಿ ಹಾಕಿದ! ಅಂಥ ರಾಜ ಇರಲೇ ಇಲ್ಲ, ಎಲ್ಲ ಕಟ್ಟುಕಥೆ. ಆದರೆ ಗೆದ್ದವರು ಸೋತವರ ಕಥೆ ಬರೆಯುತ್ತಾರೆ ಎಂಬ ಮಾತು ಕಟ್ಟುಕಥೆಯಲ್ಲ. ಷೇಕ್ಸ್‌ಪಿಯರ್ ತನ್ನ ನಾಟಕದಲ್ಲಿ ಮೂರನೆಯ ರಿಚರ್ಡನನ್ನು ಗೂನುಬೆನ್ನಿನ ಕಟುಕನನ್ನಾಗಿ ನಿಲ್ಲಿಸಿದಾಗ ಆಳುತ್ತಿದ್ದವರು ಟ್ಯೂಡರರೇ. ಧಾರಾವಾಹಿಯಲ್ಲಿ ಪೀಟರ್ ಕುಕ್ ಮಾಡಿದ ರಿಚರ್ಡ್ ಮಾತ್ರ ಅಣ್ಣನ ಮಕ್ಕಳನ್ನು ಮುದ್ದು ಮಾಡುವ ಚಿಕ್ಕಪ್ಪ.

ಈ ತಮಾಷೆ ಪ್ರಸಾರವಾದ ಸುಮಾರು ಮೂವತ್ತು ವರ್ಷಗಳ ಮೇಲೆ ನಿಜವಾದ ರಿಚರ್ಡ್ ಸಿಕ್ಕಿದ. 2012ರಲ್ಲಿ ಲೆಸ್ಟರ್ ನಗರದ ಒಂದು ಕಾರು ನಿಲ್ದಾಣದ ಕೆಳಗೆ ಅವನ ಎಲುಬುಗಳು ದೊರೆತವು. ಮರುವರ್ಷ ಅವು ಅವನವೇ ಎಂದು ಖಚಿತವಾಯಿತು. ಬೆನ್ನುಮೂಳೆ ಒಂದು ಬದಿಗೆ ಬಾಗಿತ್ತು, ಆದರೆ ನಾಟಕದ ಆ ಗೂನು ಇರಲಿಲ್ಲ. ಇಲ್ಲಿ ಹುಡುಕಲೇಬೇಕೆಂದು ವರ್ಷಗಟ್ಟಲೆ ಹಟ ಹಿಡಿದವರು ಫಿಲಿಪ್ಪಾ ಲ್ಯಾಂಗ್ಲಿ ಎಂಬ ಹೆಂಗಸು. ಅವರು ಪ್ರಾಧ್ಯಾಪಕಿಯಲ್ಲ, ಪುರಾತತ್ವ ಓದಿದವರೂ ಅಲ್ಲ. 2015ರಲ್ಲಿ ಆ ರಾಜನಿಗೆ ಲೆಸ್ಟರಿನ ಕ್ಯಾಥೆಡ್ರಲ್ಲಿನಲ್ಲಿ ಮರ್ಯಾದೆಯ ಸಮಾಧಿಯಾಯಿತು. 530 ವರ್ಷ ತಡವಾಗಿ.

ಮೊದಲ ಸರಣಿಯಲ್ಲಿ ನಗೆ ಸ್ವಲ್ಪ ಕಡಿಮೆ, ಖರ್ಚು ಹೆಚ್ಚು. ಆಲ್ನಿಕ್ ಕೋಟೆಗೆ ಹೋಗಿ, ಕುದುರೆ ಕಟ್ಟಿ, ಚಳಿಯಲ್ಲಿ ನಿಂತು ಚಿತ್ರಿಸಿದರು. ಆದರೂ ಅದರಲ್ಲೊಂದು ಕಂತು ನನಗೆ ಬಹಳ ಪ್ರಿಯ. ಮಾಟಗಾತಿಯರನ್ನು ಮೂಸಿ ಹಿಡಿಯುವವನೊಬ್ಬ ಊರಿಗೆ ಬರುತ್ತಾನೆ. ಎಡ್ಮಂಡನೇ ಮಾಟಗಾರನೆಂದು ತೀರ್ಪಾಗಿ ಅವನನ್ನು ಕಂಬಕ್ಕೆ ಕಟ್ಟುತ್ತಾರೆ. ಅಷ್ಟೂ ಹೊತ್ತು ಅರಮನೆಯಲ್ಲಿ ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳದ ಅವನ ತಾಯಿ, ಮೆದುಮಾತಿನ ರಾಣಿ, ಒಂದು ಪುಟ್ಟ ಗೊಂಬೆಯಿಂದ ಮಗನನ್ನು ಉಳಿಸಿ ಆ ಮಾಟಶೋಧಕನನ್ನೇ ಸುಟ್ಟುಬಿಡುತ್ತಾಳೆ. ನಿಜ ಚರಿತ್ರೆಯಲ್ಲಿ ಮಾಟಗಾತಿಯರೆಂದು ಸತ್ತವರಲ್ಲಿ ಹೆಚ್ಚಿನವರು ಬಡ, ಒಂಟಿ, ವಯಸ್ಸಾದ ಹೆಂಗಸರು. ಅವರ ಕೈಯಲ್ಲಿ ಅಂಥ ಗೊಂಬೆ ಇರಲಿಲ್ಲ.

ಇಷ್ಟು ದುಬಾರಿ ಹಾಸ್ಯ ಬೇಡವೆಂದು ಬಿ.ಬಿ.ಸಿ.ಯ ಅಧಿಕಾರಿ ಮೈಕಲ್ ಗ್ರೇಡ್ ಕೈಚೆಲ್ಲುವುದರಲ್ಲಿದ್ದರು. ಖರ್ಚು ಇಳಿಸಿ ಬದುಕಿಕೊಳ್ಳಿ ಎಂದಾಯಿತು. ಕೋಟೆ ಹೋಯಿತು, ಕುದುರೆ ಹೋಯಿತು, ಸ್ಟುಡಿಯೋದೊಳಗೆ ಎರಡು ಮೂರು ಕೋಣೆ ಉಳಿದವು. ಬರವಣಿಗೆಗೆ ರಿಚರ್ಡ್ ಕರ್ಟಿಸ್ ಜೊತೆ ಅಟ್ಕಿನ್ಸನ್ ಬದಲು ಬೆನ್ ಎಲ್ಟನ್ ಸೇರಿದರು. ಕೈಯಲ್ಲಿ ದುಡ್ಡು ಕಡಿಮೆಯಾದಾಗ ಅಡುಗೆಯಲ್ಲಿ ಜಾಣತನ ಹೆಚ್ಚುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. 1986ರ ಎರಡನೆಯ ಸರಣಿಯಲ್ಲಿ ಆದದ್ದು ಅದೇ. ಕುದುರೆಗಳ ಜಾಗವನ್ನು ಮಾತು ತುಂಬಿತು.

ಈಗ ಸಿಂಹಾಸನದಲ್ಲಿ ಮೊದಲನೆಯ ಎಲಿಜಬೆತ್. ಮಿರಾಂಡಾ ರಿಚರ್ಡ್‌ಸನ್ ಮಾಡಿದ ಈ ರಾಣಿ ಆರು ವರ್ಷದ ಹಟಮಾರಿ ಹುಡುಗಿಯ ಹಾಗೆ. ಉಡುಗೊರೆ ತಂದಿಲ್ಲವೆ? ತಲೆ ತೆಗೆಯಿರಿ. ಬೇಜಾರಾಯಿತೆ? ತಲೆ ತೆಗೆಯಿರಿ. ನಗುನಗುತ್ತಲೇ ಹೇಳುತ್ತಾಳೆ, ಆಸ್ಥಾನದ ಗಂಡಸರೆಲ್ಲ ಬೆವರು ಒರೆಸಿಕೊಂಡು ನಗುತ್ತಾರೆ. ಇದು ರಾಣಿಗೆ ಮಾಡಿದ ಅವಮಾನವೆಂದು ನನ್ನ ಸಹೋದ್ಯೋಗಿಯೊಬ್ಬರು ಸಿಟ್ಟಾಗಿದ್ದರು. ನನಗೆ ಹಾಗೆ ಅನ್ನಿಸಲಿಲ್ಲ. ನಿಜವಾದ ಎಲಿಜಬೆತ್ ಹುಟ್ಟಿದ್ದು 1533ರ ಸೆಪ್ಟೆಂಬರಿನಲ್ಲಿ. ಮಗುವಿಗೆ ಮೂರು ತುಂಬುವ ಮೊದಲೇ, 1536ರ ಮೇ ತಿಂಗಳಲ್ಲಿ, ಅವಳ ಅಪ್ಪನೇ ಅವಳ ಅಮ್ಮನ ತಲೆ ತೆಗೆಸಿದ. 1554ರಲ್ಲಿ ಅಕ್ಕ ಇವಳನ್ನು ಲಂಡನ್ ಗೋಪುರದ ಸೆರೆಗೆ ಕಳಿಸಿದಳು. ಅಂಥವಳು 1558ರಿಂದ 1603ರವರೆಗೆ, ಮದುವೆಯಾಗೆಂದು ಪೀಡಿಸಿದವರನ್ನೆಲ್ಲ ಆಟ ಆಡಿಸಿಕೊಂಡೇ, ರಾಜ್ಯ ಆಳಿದಳು. ತೆರೆಯ ಮೇಲಿನ ಆ ಮುದ್ದು ಮುಖದ ಹಿಂದಿನ ಕ್ರೌರ್ಯ ನೋಡಿದಾಗಲೆಲ್ಲ ಅದು ಯಾರ ಮನೆಯಿಂದ ಕಲಿತು ಬಂದದ್ದೆಂದು ನನಗೆ ನೆನಪಾಗುತ್ತದೆ.

ರಾಣಿಯ ಪಕ್ಕದಲ್ಲಿ ಸದಾ ಕೂತಿರುವ ಮುದುಕಿ ನರ್ಸಿ. ಎತ್ತಿ ಆಡಿಸಿದ ದಾದಿ. ಪ್ಯಾಟ್ಸಿ ಬರ್ನ್ ಮಾಡಿದ ಪಾತ್ರ. ರಾಜಕಾರ್ಯದ ನಡುವೆ ಬಾಯಿ ಹಾಕಿ ರಾಣಿಯ ತೊಟ್ಟಿಲ ಕಾಲದ ಗುಟ್ಟುಗಳನ್ನು ಹೊರಗೆಡಹುತ್ತಾಳೆ. ಅವಳನ್ನು ಬೈಯಬಹುದು, ಅಟ್ಟುವ ಹಾಗಿಲ್ಲ. ನಮ್ಮ ಎಷ್ಟು ಮನೆಗಳಲ್ಲಿ ಇಂಥ ಅಜ್ಜಿಯರಿರಲಿಲ್ಲ! ನಿಜ ಎಲಿಜಬೆತ್ತಳಿಗೂ ಅಮ್ಮನ ಜಾಗದಲ್ಲಿದ್ದು ಸಾಕಿ ಅಕ್ಷರ ಕಲಿಸಿದ ಕ್ಯಾಟ್ ಆಶ್ಲಿ ಎಂಬಾಕೆ ಇದ್ದಳು. ರಾಜಕುಮಾರಿಯ ಕಾರಣಕ್ಕೆ 1549ರಲ್ಲಿ ಗೋಪುರದ ಸೆರೆ ಕಂಡವಳು. ಪಠ್ಯಪುಸ್ತಕದಲ್ಲಿ ಸ್ಪೇನಿನ ನೌಕಾಪಡೆಗೆ ನಾಲ್ಕು ಪುಟವಿದೆ, ಕ್ಯಾಟ್ ಆಶ್ಲಿಗೆ ಒಂದು ಸಾಲಿಲ್ಲ.

ಈ ಸರಣಿಯಲ್ಲಿ ನೀವು ತಪ್ಪಿಸಿಕೊಳ್ಳಬಾರದ ಕಂತು ಎಡ್ಮಂಡನ ಚಿಕ್ಕಮ್ಮ ಲೇಡಿ ವೈಟ್‌ಆಡರ್ ಊಟಕ್ಕೆ ಬರುವುದು. ಮಿರಿಯಮ್ ಮಾರ್ಗೋಲಿಸ್ ಆ ಪಾತ್ರ. ಕಡುಮಡಿಯ ಹೆಂಗಸು, ಆಸ್ತಿಯುಳ್ಳವಳು. ಕುರ್ಚಿಯಲ್ಲಿ ಕೂರುವುದು ಪಾಪ, ನಗುವುದು ಪಾಪ, ಬೇಯಿಸಿದ್ದು ತಿನ್ನುವುದು ಪಾಪ. ಮಾತಿಗೊಂದು ಕಪಾಳಮೋಕ್ಷ. ಆಸ್ತಿಯ ಆಸೆಗೆ ಎಡ್ಮಂಡ್ ಕೆನ್ನೆ ಒಡ್ಡಿಕೊಂಡೇ ಉಪಚಾರ ಮಾಡುತ್ತಾನೆ. ದುರದೃಷ್ಟಕ್ಕೆ ಅದೇ ರಾತ್ರಿ ಪಕ್ಕದ ಕೋಣೆಯಲ್ಲಿ ಗೆಳೆಯರ ಕುಡಿತದ ಪಂದ್ಯ. ಎರಡು ಕೋಣೆಗಳ ನಡುವೆ ಅವನು ಓಡಾಡುವುದನ್ನು ನೋಡಿದರೆ, ಒಂದೇ ದಿನ ಮಡಿಯ ನೆಂಟರೂ ಗಂಡನ ಆಫೀಸಿನ ಸ್ನೇಹಿತರೂ ಮನೆಗೆ ಬಂದ ಅನುಭವವಿರುವ ಯಾರಿಗಾದರೂ ಅಯ್ಯೋ ಪಾಪ ಅನ್ನಿಸುತ್ತದೆ.

ಮೂರನೆಯ ಸರಣಿ 1987ರದು. ಕಥೆಯ ಕಾಲ ಹದಿನೆಂಟನೆಯ ಶತಮಾನದ ಕೊನೆ, ಹತ್ತೊಂಬತ್ತರ ಮೊದಲು. ರಾಜ ಮೂರನೆಯ ಜಾರ್ಜನಿಗೆ ಬುದ್ಧಿಭ್ರಮಣೆ; ಯುವರಾಜ ಜಾರ್ಜ್ 1811ರಿಂದ 1820ರವರೆಗೆ ಅಪ್ಪನ ಪರವಾಗಿ ಆಳಿದ. ಹ್ಯೂ ಲಾರಿ ಆ ಯುವರಾಜ. ಪ್ಯಾಂಟು ಹಾಕಿಕೊಳ್ಳಲು ಬಟ್ಲರ್ ಬೇಕು, ಖರ್ಚು ಮಾಡಲು ಯಾರೂ ಬೇಡ. ಚುನಾವಣೆಯ ಕಂತು ನಮ್ಮವರಿಗಾಗಿಯೇ ಬರೆದ ಹಾಗಿದೆ. ಒಂದು ಕ್ಷೇತ್ರ, ಅದರಲ್ಲಿ ಕೆಲವು ದನ, ಒಂದು ನಾಯಿ, ಒಂದು ಕೋಳಿ, ಒಬ್ಬನೇ ಮತದಾರ. ಆ ಮತದಾರನೂ ಎಡ್ಮಂಡನೇ, ಚುನಾವಣಾಧಿಕಾರಿಯೂ ಅವನೇ. ಬಾಲ್ಡ್ರಿಕ್‌ಗೆ ಬಿದ್ದ ಮತ ಮಾತ್ರ ಹದಿನಾರು ಸಾವಿರ ಚಿಲ್ಲರೆ! ಇದು ಅತಿರೇಕವೆಂದು ಹೇಳಿಬಿಡಬೇಡಿ. ಓಲ್ಡ್ ಸೇರಮ್ ಎಂಬ ಪಾಳುಗುಡ್ಡಕ್ಕೆ ಬೆರಳೆಣಿಕೆಯ ಮತದಾರರಿದ್ದರು, ಪಾರ್ಲಿಮೆಂಟಿನಲ್ಲಿ ಎರಡು ಸ್ಥಾನಗಳಿದ್ದವು. 1832ರ ಸುಧಾರಣಾ ಕಾಯ್ದೆ ಬರುವವರೆಗೂ ಇದು ನಡೆಯಿತು. ಆ ಸುಧಾರಣೆಯೂ ಹೆಂಗಸರನ್ನು ಹೊರಗೇ ನಿಲ್ಲಿಸಿತು. ಅವರಿಗೆ ಮತ ಸಿಕ್ಕಿದ್ದು 1918ರಲ್ಲಿ, ಅದೂ ಮೂವತ್ತು ದಾಟಿ, ಆಸ್ತಿಯ ಅರ್ಹತೆಯಿದ್ದವರಿಗೆ. ಗಂಡಸರ ಸಮಕ್ಕೆ ಸಿಕ್ಕಿದ್ದು 1928ರಲ್ಲಿ.

ಇನ್ನೊಂದು ಕಂತಿನಲ್ಲಿ ಡಾಕ್ಟರ್ ಜಾನ್ಸನ್ ತನ್ನ ನಿಘಂಟಿನ ಹಸ್ತಪ್ರತಿ ತರುತ್ತಾನೆ, ಬಾಲ್ಡ್ರಿಕ್ ಅದನ್ನು ಒಲೆಗೆ ಹಾಕುತ್ತಾನೆ. ಜಾನ್ಸನ್ನನ ನಿಘಂಟು ನಿಜವಾಗಿ ಹೊರಬಂದದ್ದು 1755ರಲ್ಲಿ, ಅವನು ಸತ್ತದ್ದು 1784ರಲ್ಲಿ. ಹಾಗಾಗಿ ಕಾಲಮಾನ ತಪ್ಪು. ಆದರೆ ಇಂಥದೊಂದು ಆ ದೇಶದಲ್ಲಿ ನಿಜವಾಗಿ ನಡೆಯಿತು. 1835ರಲ್ಲಿ ಥಾಮಸ್ ಕಾರ್ಲೈಲ್ ಫ್ರೆಂಚ್ ಕ್ರಾಂತಿಯ ಬಗ್ಗೆ ಬರೆದ ಮೊದಲ ಸಂಪುಟದ ಹಸ್ತಪ್ರತಿಯನ್ನು ಗೆಳೆಯ ಜಾನ್ ಸ್ಟುವರ್ಟ್ ಮಿಲ್‌ಗೆ ಓದಲು ಕೊಟ್ಟಿದ್ದ. ಮನೆಗೆಲಸದವಳು ರದ್ದಿ ಕಾಗದವೆಂದು ಬೆಂಕಿ ಹೊತ್ತಿಸಲು ಬಳಸಿಬಿಟ್ಟಳೆಂದು ಮಿಲ್ ಬಂದು ಹೇಳಿದ. ಕಾರ್ಲೈಲ್ ಎಲ್ಲವನ್ನೂ ಮತ್ತೆ ಬರೆದ. ಆ ಇಬ್ಬರು ದೊಡ್ಡವರ ಸ್ನೇಹವನ್ನೂ ತಾಳ್ಮೆಯನ್ನೂ ಪುಸ್ತಕಗಳು ಕೊಂಡಾಡುತ್ತವೆ. ಆ ಹೆಣ್ಣಿನ ಕಡೆಯ ಮಾತು ಏನಿತ್ತೆಂದು ಕೇಳಿದವರಿಲ್ಲ. ಕೊನೆಗೆ ಬಾಲ್ಡ್ರಿಕ್‌ನ ಮೇಲೆ ಹೊರಿಸಿದ ಹಾಗೆಯೇ.

ಈ ಸರಣಿಯ ಕೊನೆಯ ಕಂತಿನಲ್ಲಿ ನಮ್ಮ ಕಡೆಯವರಿಗೆ ಗೊತ್ತಿರುವ ಒಬ್ಬ ಬರುತ್ತಾನೆ: ಡ್ಯೂಕ್ ಆಫ್ ವೆಲಿಂಗ್ಟನ್. ಸ್ಟೀಫನ್ ಫ್ರೈ ಮಾಡಿದ ಈ ಸೇನಾಪತಿಗೆ ಕಿರುಚದೆ ಮಾತು ಬಾರದು, ಆಳು ಕಂಡರೆ ಹೊಡೆಯದೆ ಕೈ ನಿಲ್ಲದು. ಅವನ ಸೋದರಿಯ ಹೆಣ್ಣುಮಕ್ಕಳನ್ನು ಕೆಣಕಿದ ಯುವರಾಜ ಹೆದರಿ ಬಟ್ಲರನ ವೇಷ ಹಾಕಿಕೊಂಡಿರುವುದರಿಂದ ಏಟೆಲ್ಲ ಅವನಿಗೇ ಬೀಳುತ್ತದೆ. ನಿಜ ವೆಲಿಂಗ್ಟನ್ ವಾಟರ್ಲೂ ವೀರನಾಗುವ ಮೊದಲು ಬರಿಯ ಆರ್ಥರ್ ವೆಲ್ಲೆಸ್ಲಿ. 1799ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಹೊರಗೆ ಸುಲ್ತಾನ್‌ಪೇಟೆಯ ತೋಪಿನಲ್ಲಿ ರಾತ್ರಿ ದಾಳಿಗೆ ಹೋಗಿ, ಕತ್ತಲಲ್ಲಿ ದಿಕ್ಕುತಪ್ಪಿ ಹಿಮ್ಮೆಟ್ಟಿದವನು. ಮೇ 4ರಂದು ಕೋಟೆ ಬಿದ್ದು ಟಿಪ್ಪು ಸತ್ತ ಮೇಲೆ ಪಟ್ಟಣದ ಅಧಿಕಾರ ಅವನ ಕೈಗೆ ಬಂತು, ದರಿಯಾ ದೌಲತ್ ಅವನ ವಾಸದ ಮನೆಯಾಯಿತು. ಮರುವರ್ಷ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಕೊಂದ. ಹಾಗೆ ಕೊಂದವನೇ ಧೋಂಡಿಯಾನ ಎಳೆಯ ಮಗನನ್ನು ಕರೆತಂದು ಅವನ ಪೋಷಣೆಗೆ ಹಣವನ್ನೂ ಬಿಟ್ಟುಹೋದ. ಮನುಷ್ಯರು ಧಾರಾವಾಹಿಯ ಪಾತ್ರಗಳಷ್ಟು ಸರಳವಾಗಿರುವುದಿಲ್ಲ. ದರಿಯಾ ದೌಲತ್ ನೋಡಲು ಹೋದಾಗ ಗೋಡೆಯ ಚಿತ್ರಗಳ ಮುಂದೆ ನಿಂತು, ಇಲ್ಲಿ ಆ ಗಟ್ಟಿ ಗಂಟಲು ಕೇಳಿಸಿತ್ತಲ್ಲವೆ ಎಂದು ಒಬ್ಬಳೇ ನಕ್ಕಿದ್ದೇನೆ.

ನಾಲ್ಕನೆಯ ಸರಣಿಯ ಮಾತು ಬೇರೆ. 1989ರಲ್ಲಿ ಬಂದ ಇದು ನಡೆಯುವುದು 1917ರಲ್ಲಿ, ಪಶ್ಚಿಮ ರಣರಂಗದ ಕೆಸರು ಕಂದಕದೊಳಗೆ. ಎಡ್ಮಂಡ್ ಹಳೆಯ ಸಿಪಾಯಿ. ಬಂದೂಕಿಲ್ಲದ ವಸಾಹತಿನ ಜನರ ಮೇಲೆ ಯುದ್ಧ ಮಾಡಿಕೊಂಡು ಸುಖವಾಗಿದ್ದವನು, ಬಂದೂಕಿರುವ ಜರ್ಮನರ ಎದುರು ಬಂದು ಬೆದರಿದ್ದಾನೆ. ಇದನ್ನು ಅವನೇ ಯಾವ ನಾಚಿಕೆಯೂ ಇಲ್ಲದೆ ಹೇಳುತ್ತಾನೆ. ಸಾಮ್ರಾಜ್ಯದ ಬಗ್ಗೆ ಒಂದು ಅಧ್ಯಾಯ ಹೇಳಬೇಕಾದದ್ದನ್ನು ಈ ನಗೆಯ ಮಾತು ಹೇಳಿಬಿಡುತ್ತದೆ. ಜೊತೆಗೆ ಬಾಲ್ಡ್ರಿಕ್, ಮುಗ್ಧ ಲೆಫ್ಟಿನೆಂಟ್ ಜಾರ್ಜ್. ಮೂವತ್ತೈದು ಮೈಲಿ ಹಿಂದೆ ಬಂಗಲೆಯಲ್ಲಿ ಜನರಲ್ ಮೆಲ್ಚೆಟ್, ಅವನ ಗುಮಾಸ್ತನಂಥ ಕ್ಯಾಪ್ಟನ್ ಡಾರ್ಲಿಂಗ್. ಆರು ಕಂತುಗಳಲ್ಲೂ ಎಡ್ಮಂಡನಿಗೆ ಒಂದೇ ಕೆಲಸ: ಮುನ್ನುಗ್ಗುವ ಆಜ್ಞೆ ಬರುವ ಮೊದಲು ಅಲ್ಲಿಂದ ಪಾರಾಗುವುದು.

ಒಂದು ಕಂತಿನಲ್ಲಿ ಜನರಲ್ಲನ ಮುದ್ದಿನ ಪಾರಿವಾಳವನ್ನು ಕೊಂದದ್ದಕ್ಕೆ ಅವನಿಗೆ ಗುಂಡಿಕ್ಕುವ ಶಿಕ್ಷೆಯಾಗುತ್ತದೆ. ನಕ್ಕು ಮುಗಿಯುವ ಮೊದಲೇ ನಿಜದ ಲೆಕ್ಕ ನೆನಪಾಗುತ್ತದೆ. ಹೇಡಿತನ, ಪಲಾಯನಗಳ ಆರೋಪದಲ್ಲಿ ತನ್ನದೇ ಸೈನಿಕರಿಗೆ ಬ್ರಿಟಿಷ್ ಸೇನೆ ಗುಂಡಿಕ್ಕಿತು. ಅಂಥವರಲ್ಲಿ 306 ಜನರಿಗೆ ಆ ದೇಶ ಕ್ಷಮೆ ಕೊಟ್ಟದ್ದು 2006ರಲ್ಲಿ. ಮಕ್ಕಳ ಹೆಸರಿಗೆ ಅಂಟಿದ ಕಳಂಕ ತೊಳೆಯುವುದನ್ನು ನೋಡಲು ಅವರ ತಾಯಂದಿರು ಯಾರೂ ಉಳಿದಿರಲಿಲ್ಲ.

ಕೊನೆಯ ಕಂತು ಪ್ರಸಾರವಾದದ್ದು 1989ರ ನವೆಂಬರ್ 2ರಂದು. ಆಜ್ಞೆ ಬಂದಿದೆ, ಬೆಳಿಗ್ಗೆ ಹೊರಡಬೇಕು. ಎಡ್ಮಂಡ್ ಹುಚ್ಚನಂತೆ ನಟಿಸಿ ನೋಡುತ್ತಾನೆ, ಪ್ರಯೋಜನವಿಲ್ಲ. ಜೊತೆಯಲ್ಲಿ ಸೇನೆ ಸೇರಿದ ಕಾಲೇಜಿನ ಗೆಳೆಯರಲ್ಲಿ ಉಳಿದವನು ತಾನೊಬ್ಬನೇ ಎಂದು ಜಾರ್ಜ್‌ಗೆ ಆಗ ಹೊಳೆಯುತ್ತದೆ. ಪ್ರೀತಿಯಿಂದ ಕೊಟ್ಟ ಬಹುಮಾನವೆಂಬಂತೆ ಜನರಲ್ ಡಾರ್ಲಿಂಗನನ್ನೂ ಮುಂಚೂಣಿಗೆ ಕಳಿಸುತ್ತಾನೆ; ಅವನು ಬೇಡವೆಂದು ಅಂಗಲಾಚಿದ್ದು ಮೇಲಿನವನಿಗೆ ಕೇಳಿಸುವುದೇ ಇಲ್ಲ. ಬಾಲ್ಡ್ರಿಕ್ ಮತ್ತೆ ತನ್ನಲ್ಲೊಂದು ಉಪಾಯವಿದೆ ಎನ್ನುತ್ತಾನೆ. ಈ ಸಲ ಎಡ್ಮಂಡ್ ಅವನನ್ನು ಬೈಯುವುದಿಲ್ಲ. ಸೀಟಿ ಊದುತ್ತದೆ. ಎಲ್ಲರೂ ಮೇಲೇರಿ ಓಡುತ್ತಾರೆ. ಚಿತ್ರ ನಿಧಾನವಾಗುತ್ತದೆ, ಹೊಗೆ ಮುಚ್ಚುತ್ತದೆ, ಆ ಹೊಗೆಯೇ ಕೆಂಪು ಗಸಗಸೆ ಹೂವಿನ ಹೊಲವಾಗುತ್ತದೆ. ಹಕ್ಕಿಯ ಕೂಗು, ಅಷ್ಟೆ. ಆ ದೃಶ್ಯದ ಚಿತ್ರೀಕರಣ ಕೆಟ್ಟಿತ್ತಂತೆ. ರಣರಂಗ ಥರ್ಮೋಕೋಲಿನಂತೆ ಕಾಣುತ್ತಿತ್ತಂತೆ. ಸಂಕಲನದ ಕೋಣೆಯಲ್ಲಿ ಚಿತ್ರವನ್ನು ನಿಧಾನಗೊಳಿಸಿ, ಸಂಗೀತ ತೆಗೆದು ಈ ಮುಕ್ತಾಯ ಕಟ್ಟಿದರು.

ನಾನು ಇದನ್ನು ನೋಡಿದ್ದು ತಂಗಿಯ ಮಗಳು ತಂದುಕೊಟ್ಟ ಡಿ.ವಿ.ಡಿ.ಯಲ್ಲಿ. ಆಗ ನಮ್ಮ ಅತ್ತೆಯವರು ಇನ್ನೂ ಇದ್ದರು. ಇಂಗ್ಲಿಷ್ ಬಾರದಿದ್ದರೂ ಬತ್ತಿ ಹೊಸೆಯುತ್ತ ಜೊತೆಗೆ ಕೂರುತ್ತಿದ್ದರು. ಬಾಲ್ಡ್ರಿಕ್ ಬಂದರೆ ಸಾಕು, "ಈ ಹುಡುಗನ ತಲೆಗೆ ಯಾರಾದರೂ ಎಣ್ಣೆ ಒತ್ತಿ ನೀರು ಹಾಕಬಾರದೇನೆ?" ಎಂದು ನಗುತ್ತಿದ್ದರು. ಕೊನೆಯ ಕಂತು ಮುಗಿದಾಗ ಬತ್ತಿ ಹೊಸೆಯುವ ಕೈ ನಿಂತಿತ್ತು.

"ಆ ಕೊಳಕು ಹುಡುಗನೂ ಹೋದನೇನೆ?"

"ಹೌದು ಅತ್ತೆ. ಎಲ್ಲರೂ."

"ಅವನು ಯಾರಿಗೆ ಏನು ಮಾಡಿದ್ದನೆ?" ಎಂದರು. ಮೊದಲ ಮಹಾಯುದ್ಧದ ಕಾರಣಗಳೆಂದು ವರ್ಷವರ್ಷವೂ ಏಳು ಅಂಶ ಬರೆಸಿದವಳು ನಾನು. ಆ ಪ್ರಶ್ನೆಗೆ ಏಳರಲ್ಲಿ ಒಂದೂ ಉತ್ತರವಾಗಲಿಲ್ಲ.

ಹೊರಡುವ ಮೊದಲು ಡಾರ್ಲಿಂಗ್ ಒಂದು ಮಾತು ಹೇಳುತ್ತಾನೆ. ಯುದ್ಧ ಮುಗಿದ ಮೇಲೆ ಹಳೆಯ ಕೆಲಸಕ್ಕೆ ಮರಳಿ, ಕ್ರಿಕೆಟ್ ಆಡಿಕೊಂಡು, ಡೋರಿಸ್‌ಳನ್ನು ಮದುವೆಯಾಗಬೇಕೆಂದಿದ್ದನಂತೆ. ಈ ಡೋರಿಸ್ ಒಮ್ಮೆಯೂ ತೆರೆಯ ಮೇಲೆ ಬರುವುದಿಲ್ಲ. 1921ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಗಂಡಸರಿಗಿಂತ ಹದಿನೇಳು ಲಕ್ಷಕ್ಕೂ ಹೆಚ್ಚು ಹೆಂಗಸರಿದ್ದರು. ಯುದ್ಧಕ್ಕೆ ಮುಂಚೆಯೂ ಹೆಂಗಸರೇ ಹೆಚ್ಚಿದ್ದದ್ದು ನಿಜ, ಯುದ್ಧ ಆ ಅಂತರವನ್ನು ಇನ್ನೂ ಹಿಗ್ಗಿಸಿತು. ಪತ್ರಿಕೆಗಳು ಅವರನ್ನು 'ಹೆಚ್ಚುವರಿ ಹೆಂಗಸರು' ಎಂದು ಕರೆದವು. ಆ ಹೆಚ್ಚುವರಿಯವರಲ್ಲಿ ಎಷ್ಟೋ ಜನ ಮೇಡಂಗಳಾದರು, ಟೈಪಿಸ್ಟರಾದರು, ನರ್ಸುಗಳಾದರು. ಬದುಕಿ ತೋರಿಸಿದರು.

ಈ ಸರಣಿಯ ಮೇಲೆ ಒಂದು ಜಗಳವೂ ನಡೆಯಿತು. 2014ರ ಜನವರಿಯಲ್ಲಿ, ಯುದ್ಧದ ಶತಮಾನ ವರ್ಷದಲ್ಲಿ, ಬ್ರಿಟನ್ನಿನ ಅಂದಿನ ಶಿಕ್ಷಣ ಮಂತ್ರಿ ಮೈಕಲ್ ಗೋವ್ ಪತ್ರಿಕೆಯೊಂದರಲ್ಲಿ ಬರೆದರು: ಇಂಥ ಹಾಸ್ಯಗಳಿಂದ ಜನ ಆ ಯುದ್ಧವನ್ನು ದೊಡ್ಡವರ ಮೂರ್ಖತನದ ಕಥೆಯೆಂದೇ ತಿಳಿಯುತ್ತಿದ್ದಾರೆ ಎಂದು. ಶಾಲೆಯಲ್ಲಿ ಇದೂ ಒಂದು ಬೋಧನ ಸಾಧನವಷ್ಟೇ ಎಂಬರ್ಥದಲ್ಲಿ ಟೋನಿ ರಾಬಿನ್ಸನ್ ಉತ್ತರಿಸಿದರು. ಮಂತ್ರಿಯ ಕಡೆ ನಿಂತ ಚರಿತ್ರಕಾರರ ಮಾತಿನಲ್ಲೂ ಹುರುಳಿದೆ. ಸೈನಿಕರು ಸದಾ ಮುಂಚೂಣಿಯಲ್ಲೇ ಇರುತ್ತಿರಲಿಲ್ಲ, ಸರದಿಯಂತೆ ಹಿಂದಕ್ಕೆ ಕಳಿಸುತ್ತಿದ್ದರು. ಜನರಲ್‌ಗಳಲ್ಲೂ ಹಲವರು ಸತ್ತರು. 1918ರಲ್ಲಿ ಆ ಸೇನೆಯೇ ಗೆದ್ದಿತು. ಆದರೆ ಸೋಮ್ ಕದನದ ಮೊದಲ ದಿನ, 1916ರ ಜುಲೈ 1ರಂದು, ಒಂದೇ ದಿನದಲ್ಲಿ 19,240 ಬ್ರಿಟಿಷ್ ಸೈನಿಕರು ಸತ್ತದ್ದೂ ನಿಜವೇ. ತರಗತಿಯಲ್ಲಿ ನಾನು ಎರಡನ್ನೂ ಹೇಳಬೇಕೆನ್ನುವವಳು. ಯುದ್ಧ ಏಕೆ ನಡೆಯಿತು, ಹೇಗೆ ಗೆದ್ದರು ಎಂಬುದಕ್ಕೆ ಪುಸ್ತಕ ಬೇಕು. ಸತ್ತವನು ಆ ಹಿಂದಿನ ರಾತ್ರಿ ಏನು ಮಾತಾಡಿಕೊಂಡ ಎಂಬುದು ಪುಸ್ತಕದಲ್ಲಿ ಸಿಗುವುದಿಲ್ಲ.

ಆ ಕಂದಕದಲ್ಲಿ ಕಾಣದ ಇನ್ನೊಂದು ಮುಖ ನಮ್ಮದು. ಸುಮಾರು ಹದಿಮೂರು ಲಕ್ಷ ಭಾರತೀಯರು ಆ ಯುದ್ಧಕ್ಕೆ ಹೋದರು, ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಜೋಧಪುರದವರ ಜೊತೆ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಫ್ರಾನ್ಸಿನಲ್ಲಿ ಗಾಯಗೊಂಡ ಭಾರತದ ಸಿಪಾಯಿಗಳನ್ನು ಸಾಗಿಸಿದ್ದು ಎಲ್ಲಿಗೆ ಗೊತ್ತೆ? ಬ್ರೈಟನ್ ಊರಿನ ರಾಯಲ್ ಪೆವಿಲಿಯನ್ನಿಗೆ. ಮೂರನೆಯ ಸರಣಿಯ ಆ ದುಂದುಗಾರ ಯುವರಾಜ ಜಾರ್ಜ್ ತನ್ನ ಮೋಜಿಗೆ ಕಟ್ಟಿಸಿಕೊಂಡ ಅರಮನೆ ಅದು; ಹೊರಗೆ ಹಿಂದೂಸ್ತಾನದ ಗುಮ್ಮಟಗಳು, ಒಳಗೆ ಚೀನಾದ ಅಲಂಕಾರ. 1914ರ ಕೊನೆಯಿಂದ 1916ರ ಆರಂಭದವರೆಗೆ ಅದರ ಸಭಾಂಗಣಗಳ ದೀಪದ ಗೊಂಚಲಿನ ಕೆಳಗೆ ನಮ್ಮವರ ಮಂಚಗಳಿದ್ದವು. ಜಾತಿ ಮತಗಳಿಗೆ ತಕ್ಕಂತೆ ಅಲ್ಲಿ ಒಂಬತ್ತು ಅಡುಗೆಮನೆ ಮಾಡಿದ್ದರು. ಕುಡಿಯುವ ನೀರಿನ ನಲ್ಲಿಯೂ ಬೇರೆ ಬೇರೆ. ಅಲ್ಲಿ ಸತ್ತ ಹಿಂದೂ ಮತ್ತು ಸಿಖ್ ಸೈನಿಕರನ್ನು ಊರಾಚೆಯ ಗುಡ್ಡದ ಮೇಲೆ ಸುಟ್ಟರು. 1921ರಲ್ಲಿ ಆ ಜಾಗದಲ್ಲಿ ಅಮೃತಶಿಲೆಯ ಛತ್ರಿಯೊಂದು ಎದ್ದಿತು. ಧಾರಾವಾಹಿ ಮಾಡಿದವರ ಹಿತ್ತಲ ಬಾಗಿಲು ಇಷ್ಟು ದೂರ ತೆರೆಯಲಿಲ್ಲ. ಉಳಿದದ್ದನ್ನು ತೆರೆದು ನೋಡುವುದು ನಮ್ಮ ಪಾಲಿಗೆ.

ನೋಡಬೇಕೆನ್ನುವವರಿಗೆ ಎರಡು ಮಾತು. ಎರಡನೆಯ ಸರಣಿಯಿಂದ ಶುರುಮಾಡಿ, ಆಮೇಲೆ ಮೂರು, ನಾಲ್ಕು. ರುಚಿ ಹತ್ತಿದರೆ ಮೊದಲನೆಯದು. ಮಾತಿನ ವೇಗ ಹೆಚ್ಚು, ಕೆಳಗೆ ಅಕ್ಷರ ಮೂಡುವಂತೆ ಮಾಡಿಕೊಳ್ಳಿ. ಪೋಲಿ ಮಾತು ಧಾರಾಳವಾಗಿದೆ, ಚಿಕ್ಕ ಮಕ್ಕಳ ಜೊತೆ ಬೇಡ. ದಪ್ಪಗಿರುವ ಹೆಂಗಸರನ್ನು, ಪರದೇಶಿಗಳನ್ನು ಗೇಲಿ ಮಾಡುವ ಕೆಲವು ನಗೆಗಳು ಹಳಸಿವೆ, ಅಲ್ಲಿ ನಗದಿದ್ದರೆ ನಷ್ಟವಿಲ್ಲ. ನಾಲ್ಕನೆಯ ಸರಣಿಯ ಕೊನೆಯ ಕಂತನ್ನು ಮಾತ್ರ ಉಳಿದವುಗಳ ಜೊತೆ ಸೇರಿಸಿ ನೋಡಬೇಡಿ. ಅದಕ್ಕೊಂದು ಸಂಜೆ ಬೇರೆಯಾಗಿ ಇಡಿ, ಮನೆಯ ಹಿರಿಯರಿದ್ದರೆ ಅವರನ್ನೂ ಕರೆದು ಕೂರಿಸಿಕೊಳ್ಳಿ.

ಬಾಲ್ಡ್ರಿಕ್ ಪಾತ್ರ ಮಾಡಿದ ಟೋನಿ ರಾಬಿನ್ಸನ್ ಆಮೇಲೆ ಏನು ಮಾಡಿದರೆಂದು ಹೇಳದೆ ಮುಗಿಸಲಾರೆ. 1994ರಿಂದ 2013ರವರೆಗೆ ಊರೂರು ತಿರುಗಿ ನೆಲ ಅಗೆದು ಹಳೆಯ ಬದುಕನ್ನು ಹುಡುಕುವ ಪುರಾತತ್ವ ಕಾರ್ಯಕ್ರಮವೊಂದನ್ನು ನಡೆಸಿಕೊಟ್ಟರು. 2004ರಲ್ಲಿ ಇನ್ನೊಂದು ಸರಣಿ ಮಾಡಿದರು. ಅದು ಚರಿತ್ರೆಯ ಅತಿ ಕೆಟ್ಟ ಕೆಲಸಗಳ ಬಗ್ಗೆ: ಚರ್ಮ ಹದ ಮಾಡಿದವರು, ಮಲ ಹೊತ್ತವರು, ಬಟ್ಟೆ ತುಳಿದು ಒಗೆದವರು. ಒಂದೊಂದು ಕೆಲಸವನ್ನೂ ತಾವೇ ಮಾಡಿ ತೋರಿಸಿದರು. 2013ರಲ್ಲಿ ರಾಣಿ ಅವರಿಗೆ ಸರ್ ಪದವಿ ಕೊಟ್ಟಳು. ನಮ್ಮ ಅತ್ತೆಯವರಿಗೆ ಇದನ್ನು ಹೇಳಿದ್ದರೆ, ಅರಮನೆಗೆ ಹೋಗುವಾಗಲಾದರೂ ತಲೆಗೆ ನೀರು ಹಾಕಿಕೊಂಡನೇನೆ ಎಂದು ಖಂಡಿತ ಕೇಳುತ್ತಿದ್ದರು.